ಜರ್ಮನಿಯಲ್ಲಿ ಎಲ್ಲಿ ನೋಡಿದರೂ ಮುಲ್ಲರ್! ಇಷ್ಟೊಂದು ಗಿರಣಿಯವರು ಎಲ್ಲಿಂದ ಬಂದರು?

ಸ್ಟುಟ್‌ಗಾರ್ಟ್_ಶ್ರೀ:
ಎಲ್ಲರಿಗೂ ನಮಸ್ಕಾರ. ಈ ಪ್ರಶ್ನೆ ತುಂಬ ದಿನದಿಂದ ತಲೆ ತಿನ್ನುತ್ತಿದೆ. ಆಫೀಸಿನಲ್ಲಿ ಮುಲ್ಲರ್, ನಮ್ಮ ಬಿಲ್ಡಿಂಗಿನ ಕಾಲಿಂಗ್ ಬೆಲ್ ಪಕ್ಕದ ಚೀಟಿಯಲ್ಲಿ ಮುಲ್ಲರ್, ಫುಟ್‌ಬಾಲ್‌ನಲ್ಲಂತೂ ಗೆರ್ಡ್ ಮುಲ್ಲರ್ ಕಾಲದಿಂದ ಥಾಮಸ್ ಮುಲ್ಲರ್‌ವರೆಗೆ. ಮುಲ್ಲರ್ ಅಂದ್ರೆ ಹಿಟ್ಟಿನ ಗಿರಣಿಯವನು ಅಂತ ಗೊತ್ತು. ಆದರೆ ಒಂದು ಹಳ್ಳಿಗೆ ಗಿರಣಿ ಎಷ್ಟಿರುತ್ತದೆ? ಒಂದು, ಹೆಚ್ಚೆಂದರೆ ಎರಡು. ಉಳುವವರ ಮನೆಗಳೋ ಲೆಕ್ಕವಿಲ್ಲದಷ್ಟು. ಹಾಗಿದ್ದ ಮೇಲೆ ಅಡ್ಡಹೆಸರುಗಳಲ್ಲಿ ರೈತನೇ ಮೊದಲು ಬರಬೇಕಿತ್ತು ಅಲ್ವಾ? ಗಿರಣಿಯವನು ಹೇಗೆ ಎಲ್ಲರನ್ನೂ ಹಿಂದೆ ಹಾಕಿದ? ಗೊತ್ತಿರುವವರು ಬಿಡಿಸಿ ಹೇಳಿ. ಗೂಗಲ್ ಮಾಡಿ ಅಂತ ಮಾತ್ರ ಹೇಳಬೇಡಿ.

ಹಳೇಕಡತ:
ಶ್ರೀ, ಊರಿಗೆ ಒಬ್ಬನೇ ಇದ್ದ ಅನ್ನುವುದೇ ಕಾರಣ. ಅಡ್ಡಹೆಸರು ಹುಟ್ಟಿದ್ದು ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡಿ ಗುರುತಿಸುವುದಕ್ಕೆ. 13, 14ನೇ ಶತಮಾನದ ಒಂದು ಜರ್ಮನ್ ಹಳ್ಳಿ ತೆಗೆದುಕೊಳ್ಳಿ. ಹಾನ್ಸ್, ಹೈನ್ರಿಕ್, ಕೊನ್ರಾಡ್ ಅಂತ ಕೆಲವೇ ಹೆಸರುಗಳನ್ನು ಎಲ್ಲರೂ ಇಟ್ಟುಕೊಳ್ಳುತ್ತಿದ್ದರು. ಬಹುತೇಕ ಎಲ್ಲರೂ ಹೊಲ ಉಳುವವರೇ. ಅಲ್ಲಿ ನಿಂತು 'ರೈತ ಹಾನ್ಸ್' ಅಂದರೆ ಯಾರು ತಿರುಗಿ ನೋಡಬೇಕು? ಅದೇ 'ಗಿರಣಿ ಹಾನ್ಸ್' ಅಂದರೆ ಒಬ್ಬನೇ. ಕಮ್ಮಾರನದೂ ಇದೇ ಕಥೆ. ಅದಕ್ಕೇ ಮುಲ್ಲರ್ ಮೊದಲು, ಕಮ್ಮಾರ ಅನ್ನುವ ಶ್ಮಿಟ್ ಎರಡನೇದು, ಆಮೇಲೆ ದರ್ಜಿ ಶ್ನೈಡರ್, ಮೀನುಗಾರ ಫಿಶರ್.

ಊರಿಗೆ ಒಬ್ಬನಾದರೂ ಎಲ್ಲ ಊರಲ್ಲೂ ಒಬ್ಬ ಇದ್ದ, ಅದನ್ನೂ ಸೇರಿಸಿ. ಧಾನ್ಯದ ಮೂಟೆ ಹೊತ್ತು ದೂರ ಹೋಗುವುದು ಕಷ್ಟ, ಬೀಸಿದ ಹಿಟ್ಟು ಜಾಸ್ತಿ ದಿನ ಇಟ್ಟರೆ ಕೆಡುತ್ತದೆ. ಹಾಗಾಗಿ ಹಳ್ಳ, ತೊರೆ ಹರಿಯುವ ಕಡೆಯೆಲ್ಲ ಸ್ವಲ್ಪ ದೂರಕ್ಕೊಂದು ಗಿರಣಿ. ಕಲೋನ್‌ನಲ್ಲಿ ರೈನ್ ನದಿಯ ಮೇಲೆ ದೋಣಿಯಲ್ಲೇ ಗಿರಣಿ ಕಟ್ಟಿ ನಿಲ್ಲಿಸುತ್ತಿದ್ದರು. ಈ ಒಬ್ಬೊಬ್ಬರನ್ನೂ ಕೂಡಿಸುತ್ತಾ ಹೋದರೆ ದೊಡ್ಡ ದಂಡೇ ಆಗುತ್ತದೆ. ಟೆಲಿಫೋನ್ ಡೈರೆಕ್ಟರಿ ಇಟ್ಟುಕೊಂಡು ಲೆಕ್ಕ ಹಾಕಿದವರ ಪ್ರಕಾರ ಇವತ್ತು ಜರ್ಮನಿಯಲ್ಲಿ ಸಾವಿರಕ್ಕೆ ಹತ್ತಿರಹತ್ತಿರ ಒಂಬತ್ತು ಜನ ಮುಲ್ಲರ್. ಸ್ವಿಟ್ಜರ್ಲೆಂಡಿನಲ್ಲೂ ಇದೇ ಮೊದಲು.

ಧಾರವಾಡದ_ಪೇಢಾ:
ಹಳೇಕಡತ ಸರ್, ಕೇಳೋಕೆ ಚೆನ್ನಾಗಿದೆ. ಆದರೆ ಬೌವರ್ ಅನ್ನುವ ಅಡ್ಡಹೆಸರೂ ಮೊದಲ ಇಪ್ಪತ್ತರಲ್ಲಿದೆ. ಬೌವರ್ ಅಂದ್ರೆ ರೈತನೇ. 'ಹಳ್ಳಿಯಲ್ಲಿ ರೈತ ಅಂತ ಕರೆದರೆ ಗುರುತಾಗಲ್ಲ' ಅನ್ನುವ ವಾದ ಅಲ್ಲಿಗೆ ಬಿದ್ದುಹೋಯಿತಲ್ಲ?

ಹಳೇಕಡತ:
ಬೀಳಲ್ಲ. ಹಳ್ಳಿ ಬಿಟ್ಟು ಪೇಟೆಗೆ ಬಂದು ನೆಲೆಸಿದವನನ್ನು ಪೇಟೆಯವರು 'ರೈತ' ಅಂತ ಕರೆದರೆ ಅಲ್ಲಿ ಅದು ಚೆನ್ನಾಗಿಯೇ ಗುರುತಾಗುತ್ತದೆ. ಜೊತೆಗೆ ಹಳೆಯ ಜರ್ಮನ್‌ನಲ್ಲಿ ಆ ಮಾತಿಗೆ ಒಟ್ಟಿಗೆ ವಾಸ ಮಾಡುವವನು, ನೆರೆಯವನು ಅನ್ನುವ ಅರ್ಥವೂ ಇತ್ತು. ಅದಕ್ಕಿಂತ ಮುಖ್ಯ ಇನ್ನೊಂದಿದೆ. ರೈತರಿಗೆ ಹೆಸರೇ ಸಿಗಲಿಲ್ಲ ಅಂತಲ್ಲ, ಅವರ ಹೆಸರು ಚೂರುಚೂರಾಗಿ ಹಂಚಿಹೋಯಿತು. ಪೂರ್ತಿ ಹಿಡುವಳಿ ಇದ್ದವನು ಹೂಬರ್, ಧಣಿಯ ಜಮೀನು ನೋಡಿಕೊಳ್ಳುತ್ತಿದ್ದವನು ಮೈಯರ್, ಧಣಿಯಿಂದ ಜಮೀನು ಪಡೆದು ಉಳುತ್ತಿದ್ದವನು ಲೇಮನ್, ತಗ್ಗಿನ ಜಾಗದಲ್ಲಿ ಮನೆ ಇದ್ದವನು ಗ್ರೂಬರ್. ಆಸ್ಟ್ರಿಯಾದಲ್ಲಿ ಈ ಗ್ರೂಬರ್, ಹೂಬರ್‌ಗಳೇ ಮೇಲಿದ್ದಾರೆ, ಮುಲ್ಲರ್ ಐದನೇದು. ಅಲ್ಲಿ ಬೆಟ್ಟದ ಸೀಮೆ, ಮನೆಗಳು ದೂರದೂರ. ಒಂಟಿ ಮನೆಯ ಹೆಸರೇ ಮನೆಯವರ ಹೆಸರಾಯಿತು.

ಮೈನ್ಜ್_ಮಂಜು:
ಇದಕ್ಕೆ ನಕ್ಷೆ ನೋಡಬೇಕು ಸ್ವಾಮಿ. ಇಲ್ಲಿ ಮೈನ್ಜ್‌ನಲ್ಲಿ ಜರ್ಮನ್ ಕುಟುಂಬನಾಮಗಳ ಡಿಜಿಟಲ್ ನಿಘಂಟು ಮಾಡುತ್ತಿದ್ದಾರೆ, ಯಾರು ಬೇಕಾದರೂ ತೆರೆದು ನೋಡಬಹುದು. ಒಂದು ಹೆಸರು ಹಾಕಿದರೆ ಯಾವ ಜಿಲ್ಲೆಯಲ್ಲಿ ಜಾಸ್ತಿ ಅಂತ ನಕ್ಷೆ ಬರುತ್ತದೆ. ಒಮ್ಮೆ ಹಿಡಿದರೆ ರಾತ್ರಿ ಊಟ ಮರೆತುಹೋಗುತ್ತದೆ, ಮೊದಲೇ ಹೇಳಿದ್ದೇನೆ.

ಗಿರಣಿಯವನಿಗೂ ಎಲ್ಲ ಕಡೆ ಒಂದೇ ಹೆಸರಿಲ್ಲ. ಉತ್ತರದ ಸಮುದ್ರದ ಕಡೆ ಮೊಲ್ಲರ್. ದಕ್ಷಿಣದಲ್ಲಿ ಬವೇರಿಯಾ, ಶ್ವಾಬಿಯಾ ಕಡೆಯವರು ತುಟಿ ದುಂಡಗೆ ಮಾಡದೆ ಹೇಳಿ ಮಿಲ್ಲರ್ ಮಾಡಿಬಿಟ್ಟರು. ಇನ್ನೂ ಹಳೆಯ ರೂಪ ಮುಲ್ನರ್. ಓದಿಕೊಂಡವರು ಲ್ಯಾಟಿನ್ ಗತ್ತಿಗೆ ಮೋಲಿಟರ್, ಮೈಲಿಯಸ್ ಅಂತ ಬದಲಿಸಿಕೊಂಡರು. ತಮಾಷೆ ಏನಂದರೆ ಮುಲ್ಲರ್ ಅನ್ನುವ ಮಾತೇ ಲ್ಯಾಟಿನ್‌ನಿಂದ ಬಂದದ್ದು. ನೀರಿನ ಗಿರಣಿಯನ್ನು ಆ ಕಡೆಗೆ ತಂದವರು ರೋಮನ್ನರು, ಯಂತ್ರದ ಜೊತೆ ಹೆಸರೂ ಬಂತು. ಆಚೆ ಹೋದರೆ ಡಚ್ಚರಲ್ಲಿ ಮುಲ್ಡರ್, ಫ್ರಾನ್ಸಿನ ಅಲ್ಸಾಸ್‌ನಲ್ಲಿ, ಜರ್ಮನ್ನರು 'ಯು' ಅಕ್ಷರದ ಮೇಲೆ ಹಾಕುವ ಎರಡು ಚುಕ್ಕಿ ಇಲ್ಲದ ಮುಲ್ಲರ್.

ಇನ್ನು ಗಿರಣಿ ಅಂದ ತಕ್ಷಣ ಹಿಟ್ಟೇ ಅಂದುಕೊಳ್ಳಬೇಡಿ. ನೀರಿನ ಚಕ್ರ ತಿರುಗಿದರೆ ಅದಕ್ಕೆ ಏನು ಬೇಕಾದರೂ ಕಟ್ಟಬಹುದು. ಎಣ್ಣೆ ತೆಗೆಯುವವನು ಓಲ್‌ಮುಲ್ಲರ್, ಮರ ಕೊಯ್ಯುವವನು ಸೇಗ್‌ಮುಲ್ಲರ್, ಚರ್ಮ ಹದ ಮಾಡಲು ಓಕ್ ಮರದ ತೊಗಟೆ ಪುಡಿ ಮಾಡುವವನು ಲೋಮುಲ್ಲರ್. ಬಂದೂಕಿನ ಮದ್ದು ಅರೆಯುವವನು ಪುಲ್ವರ್‌ಮುಲ್ಲರ್! ಆ ಮನೆಯ ಪಕ್ಕ ಸೈಟ್ ತಗೊಳ್ಳುವ ಧೈರ್ಯ ಯಾರಿಗಿತ್ತೋ.

ಸಾಫ್ಟ್‌ವೇರ್_ಸಿದ್ದ:
ಶ್ಮಿಟ್‌ನ ಎಲ್ಲ ಸ್ಪೆಲ್ಲಿಂಗ್ ಸೇರಿಸಿದರೆ ಮುಲ್ಲರ್‌ಗಿಂತ ಜಾಸ್ತಿ ಆಗುವುದಿಲ್ವಾ? ನನ್ನ ಟೀಮಿನಲ್ಲೇ ಶ್ಮಿಟ್ ಅನ್ನುವವರು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ.

ಮೈನ್ಜ್_ಮಂಜು:
ಒಳ್ಳೇ ಪಾಯಿಂಟ್. ಪಟ್ಟಿ ಮಾಡುವವರು ಯಾವ ಸ್ಪೆಲ್ಲಿಂಗ್‌ಗಳನ್ನು ಒಟ್ಟಿಗೆ ಎಣಿಸುತ್ತಾರೆ ಅನ್ನುವುದರ ಮೇಲೆ ಕ್ರಮ ಅದಲುಬದಲಾಗುತ್ತದೆ. ಕಲೋನ್ ಕಡೆ ಶ್ಮಿಟ್ಸ್, ದಕ್ಷಿಣಕ್ಕೆ ಬಂದರೆ ಕೊನೆಯ ಅಕ್ಷರ ಉದುರಿಹೋದ ಶ್ಮಿಡ್, ಹೀಗೆ ಕಮ್ಮಾರ ನಾಲ್ಕಾರು ಹೋಳಾಗಿದ್ದಾನೆ. ಮೈಯರ್‌ನ ಸ್ಪೆಲ್ಲಿಂಗ್‌ಗಳಂತೂ ಕೇಳಲೇಬೇಡಿ. ಮುಲ್ಲರ್ ಅಷ್ಟೊಂದು ಒಡೆದಿಲ್ಲ, ಬಹುಪಾಲು ಒಂದೇ ಸ್ಪೆಲ್ಲಿಂಗ್‌ನಲ್ಲಿ ನಿಂತಿದೆ. ಮೊದಲ ಸ್ಥಾನಕ್ಕೆ ಅದೂ ಒಂದು ಕಾರಣ. 1876ರಲ್ಲಿ ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾಯಿತು. ಅಲ್ಲಿಯತನಕ ಪಾದ್ರಿ ಕಿವಿಗೆ ಬಿದ್ದಂತೆ ಬರೆದದ್ದೇ ಸ್ಪೆಲ್ಲಿಂಗ್. ಅಣ್ಣನದು ಒಂಥರ, ತಮ್ಮನದು ಇನ್ನೊಂಥರ. ನೋಂದಣಿ ಬಂದ ಮೇಲೆ ಇದ್ದದ್ದು ಇದ್ದ ಹಾಗೇ ಗಟ್ಟಿಯಾಯಿತು.

ಇನ್ನು ಸುಮ್ನೆ ಒಂದು ಮೋಜು. ಜರ್ಮನಿಯ ಚಾನ್ಸಲರ್‌ಗಳನ್ನೇ ನೋಡಿ. ಹರ್ಮನ್ ಮುಲ್ಲರ್ ಗಿರಣಿಯವನು, ಹೆಲ್ಮುಟ್ ಶ್ಮಿಟ್ ಕಮ್ಮಾರ, ಗೆರ್ಹಾರ್ಡ್ ಶ್ರೋಡರ್ ಉತ್ತರದ ಕಡೆಯ ದರ್ಜಿ, ಓಲಾಫ್ ಶೋಲ್ಟ್ಸ್ ಊರಿನ ಮುಖ್ಯಸ್ಥ, ಅಂದರೆ ನಮ್ಮ ಕಡೆಯ ಪಟೇಲ. ಒಂದು ಹಳ್ಳಿ ನಡೆಸುವುದಕ್ಕೆ ಸಾಕು.

ಧಾರವಾಡದ_ಪೇಢಾ:
ಇದು ನಮ್ಮ ಕಡೆ ಬಡಿಗೇರ, ಕಮ್ಮಾರ, ಗಾಣಿಗೇರ, ಕುಲಕರ್ಣಿ ಅಂತ ಇದ್ದ ಹಾಗೇ ಆಯಿತು. ಹಾಗಾದ್ರೆ ಮುಲ್ಲರ್‌ಗಳೆಲ್ಲ ಒಂದೇ ಕುಲದವರಾ?

ಹಳೇಕಡತ:
ಅಲ್ಲಿಗೆ ಹೋಲಿಕೆ ನಿಲ್ಲಿಸಿ. ಮುಲ್ಲರ್ ಒಂದು ಕುಲ ಅಲ್ಲ, ಒಂದು ಜಾತಿಯೂ ಅಲ್ಲ. ಸಾವಿರಾರು ಹಳ್ಳಿಗಳಲ್ಲಿ ಬೇರೆಬೇರೆಯಾಗಿ ಹುಟ್ಟಿದ ಹೆಸರು. ಬಸ್ಸಿನಲ್ಲಿ ಪಕ್ಕಪಕ್ಕ ಕೂತ ಇಬ್ಬರು ಮುಲ್ಲರ್‌ಗಳಿಗೆ ಸಂಬಂಧ ಇರಲೇಬೇಕು ಅಂತೇನಿಲ್ಲ.

ಇನ್ನೊಂದು ವಿಷಯ. ಒಂದು ಹಂತದಲ್ಲಿ ಹೆಸರಿಗೂ ಕಸುಬಿಗೂ ಸಂಬಂಧ ಕಳಚಿಹೋಗುತ್ತದೆ. ಮೊದಮೊದಲು ಗಿರಣಿ ಬಿಟ್ಟರೆ ಹೆಸರೂ ಬಿಡುತ್ತಿತ್ತು, ಮಗ ಬೇಕರಿ ಇಟ್ಟರೆ ಮಗನನ್ನು ಬೆಕ್ ಅಂತ ಕರೆಯುತ್ತಿದ್ದರು. ಹೆಸರು ಮಕ್ಕಳಿಗೆ ಇಳಿಯುವ ಪದ್ಧತಿ 12ನೇ ಶತಮಾನದ ಹೊತ್ತಿಗೆ ಪಶ್ಚಿಮ, ದಕ್ಷಿಣದ ಪಟ್ಟಣಗಳಲ್ಲಿ ಶುರುವಾಗಿ ನಿಧಾನವಾಗಿ ಉತ್ತರಕ್ಕೆ, ಹಳ್ಳಿಗಳಿಗೆ ಹರಡಿತು. ಹಳೆಯ ದಾಖಲೆ ಪುಸ್ತಕದಲ್ಲಿ 'ಹಾನ್ಸ್ ಮುಲ್ಲರ್, ದರ್ಜಿ' ಅಂತ ಕಂಡರೆ ಅಲ್ಲಿ ಹೆಸರು ಗಟ್ಟಿಯಾಗಿದೆ ಅಂತ ತಿಳಿಯಬೇಕು. ಇದಕ್ಕೆ ಒಳ್ಳೆಯ ಉದಾಹರಣೆ ಡೆಸ್ಸೌ ಊರಿನ ಕವಿ ವಿಲ್‌ಹೆಲ್ಮ್ ಮುಲ್ಲರ್. ಗಿರಣಿಯ ಹುಡುಗನ ಪ್ರೇಮದ ಮೇಲೆ ಅವನು ಬರೆದ ಕವಿತೆಗಳಿಗೆ ಶೂಬರ್ಟ್ ರಾಗ ಹಾಕಿ ಲೋಕಪ್ರಸಿದ್ಧ ಮಾಡಿದ. ಆದರೆ ಕವಿಯ ಅಪ್ಪ ಗಿರಣಿಯವನಲ್ಲ, ದರ್ಜಿ.

ಕಾಯಂ ಅಡ್ಡಹೆಸರು ತೀರಾ ತಡವಾಗಿ ಬಂದದ್ದು ಉತ್ತರದ ಮೂಲೆಯ ಫ್ರೀಸ್‌ಲ್ಯಾಂಡ್ ಕಡೆ. ಅಲ್ಲಿ ಅಪ್ಪನ ಹೆಸರೇ ಮಗನಿಗೆ ಅಡ್ಡಹೆಸರು, ತಲೆಮಾರಿಗೊಮ್ಮೆ ಬದಲು. 1811ರಲ್ಲಿ ನೆಪೋಲಿಯನ್ ಆಡಳಿತ ಆಜ್ಞೆ ಹೊರಡಿಸಿ ಎಲ್ಲರೂ ಕಾಯಂ ಅಡ್ಡಹೆಸರು ಇಟ್ಟುಕೊಳ್ಳಿ ಅಂದಿತು. ನಮ್ಮ ಕಿಟ್ಟೆಲ್ ಸಾಹೇಬರು 1832ರಲ್ಲಿ ಹುಟ್ಟಿದ್ದು ಅದೇ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ.

ಬರ್ಲಿನ್_ಬೋರಮ್ಮ:
ಎಲ್ಲರೂ ಹೆಸರಿನ ಬಗ್ಗೆಯೇ ಹೇಳುತ್ತಿದ್ದೀರಿ, ಆ ಮನುಷ್ಯನ ಬಗ್ಗೆ ಯಾರೂ ಹೇಳಲಿಲ್ಲ. ಗಿರಣಿಯವನಿಗೆ ಊರಲ್ಲಿ ದುಡ್ಡಿತ್ತು, ಮರ್ಯಾದೆ ಇರಲಿಲ್ಲ. ಅವನು ಕೂಲಿಯನ್ನು ಹಣದಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ, ಧಾನ್ಯದಲ್ಲೇ ಒಂದು ಪಾಲು ಮುರಿದುಕೊಳ್ಳುತ್ತಿದ್ದ. ಹಲವು ಕಡೆ ಹದಿನಾರರಲ್ಲಿ ಒಂದು ಪಾಲು. ಬೀಸುವಾಗ ಒಂದಷ್ಟು ಧೂಳಾಗಿ ಹಾರಿಹೋಗುತ್ತದೆ, ತೇವ ಆರಿ ತೂಕ ಇಳಿಯುತ್ತದೆ. ಕೊಟ್ಟ ಮೂಟೆಗೂ ಬಂದ ಮೂಟೆಗೂ ತಾಳೆ ಆಗದಿದ್ದರೆ ರೈತ ಯಾರನ್ನು ಕಳ್ಳ ಅಂತಾನೆ? ಬೇರೆ ಗಿರಣಿಗೆ ಹೋಗೋಣ ಅಂದರೆ ಹೋಗುವ ಹಾಗಿಲ್ಲ. ಧಣಿಯ ಗಿರಣಿಯಲ್ಲೇ ಬೀಸಿಸಬೇಕು ಅನ್ನುವ ಕಟ್ಟಳೆ ಬಹಳ ಕಡೆ ಇತ್ತು. ಧಣಿಯ ಮೇಲಿನ ಸಿಟ್ಟೂ ಗಿರಣಿಯವನ ತಲೆಗೇ.

ಹಾಗಾಗಿ ಹಲವು ಪಟ್ಟಣಗಳ ಕಸುಬುದಾರರ ಸಂಘಗಳು ಗಿರಣಿಯವನ ಮಗನನ್ನು ಒಳಗೇ ಸೇರಿಸುತ್ತಿರಲಿಲ್ಲ. ಕೆಲವು ಸೀಮೆಗಳಲ್ಲಿ ಗಲ್ಲಿಗೇರಿಸಲು ಬೇಕಾದ ಏಣಿಯನ್ನು ಒದಗಿಸುವ ಕೆಲಸವೂ ಗಿರಣಿಯವನದೇ. 1548ರಲ್ಲಿ, ಮತ್ತೆ 1577ರಲ್ಲಿ ಸಾಮ್ರಾಜ್ಯದ ಕಾನೂನೇ ಬಂದು ನೇಕಾರರು, ಕ್ಷೌರಿಕರು, ಕುರುಬರು, ಗಿರಣಿಯವರು ಇವರ ಮಕ್ಕಳನ್ನು ಸಂಘಗಳಿಂದ ಹೊರಗಿಡಬಾರದು ಅಂತ ಹೇಳಬೇಕಾಯಿತು. ಎರಡೆರಡು ಸಲ ಹೇಳಬೇಕಾಯಿತು ಅಂದರೆ ಮೊದಲ ಸಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಂತಲೇ ಅರ್ಥ. ಇವತ್ತು ಅದೇ ಹೆಸರು ದೇಶದಲ್ಲೇ ನಂಬರ್ ಒಂದು. ಬೇಕಾದರೆ ನಗಬಹುದು.

ಪ್ರತಿ ವರ್ಷ ಪೆಂಟೆಕೋಸ್ಟ್ ಹಬ್ಬದ ಸೋಮವಾರ ಇಲ್ಲಿ ಗಿರಣಿ ದಿನ. ಹಳೇ ಗಿರಣಿಗಳನ್ನು ಜನರಿಗೆ ತೆರೆಯುತ್ತಾರೆ, ಬಿಡುವಿದ್ದರೆ ಹೋಗಿ. ಕೆಳಗಿನ ಕಲ್ಲು ಕದಲುವುದಿಲ್ಲ, ಮೇಲಿನದು ತಿರುಗುತ್ತದೆ. ಮೇಲೆ ಧಾನ್ಯ ಸುರಿಯುವ ಮರದ ಡಬ್ಬ, ಅದರ ಕೆಳಗೆ ಸಣ್ಣ ಮರದ ಬಾಯಿ. ತಿರುಗುವ ಅಚ್ಚು ಆ ಬಾಯಿಯನ್ನು ಟಕಟಕ ಅಂತ ಅಲುಗಾಡಿಸುತ್ತಲೇ ಇರುತ್ತದೆ, ಅದರಿಂದಲೇ ಕಾಳು ಒಂದೇ ಸಮನೆ ಕಲ್ಲಿನ ಕಣ್ಣಿಗೆ ಬೀಳುವುದು. ಧಾನ್ಯ ಮುಗಿಯುತ್ತಾ ಬಂದರೆ ಒಂದು ಗಂಟೆ ತಾನಾಗಿ ಹೊಡೆದುಕೊಳ್ಳುತ್ತದೆ. ಇಲ್ಲದಿದ್ದರೆ ಕಲ್ಲಿಗೆ ಕಲ್ಲು ತಾಗಿ ಕಿಡಿ ಹಾರಿ, ಹಿಟ್ಟಿನ ಧೂಳಿಗೆ ಬೆಂಕಿ ಹತ್ತಿ ಇಡೀ ಗಿರಣಿ ಹೋಗಬಹುದು. ಕಲ್ಲು ನುಣುಪಾದಾಗ ಎತ್ತಿ ಮಗುಚಿ ಮತ್ತೆ ಉಳಿಯಿಂದ ಗೀರು ಹೊಡೆಯಬೇಕು. ಕಳ್ಳ ಅನ್ನಿಸಿಕೊಂಡರೂ ಕೆಲಸ ಬಲ್ಲವನು, ಅದಂತೂ ನಿಜ.

ಕುಡ್ಲದ_ಪೊಣ್ಣು:
ಮಂಗಳೂರಿನವರು ಯಾರೂ ಇಲ್ವಾ ಇಲ್ಲಿ? ಕಂಕನಾಡಿಯ ಫಾದರ್ ಮುಲ್ಲರ್ಸ್ ಆಸ್ಪತ್ರೆ ಹೇಗೆ ಬಿಟ್ಟಿರಿ! ಆಗಸ್ಟಸ್ ಮುಲ್ಲರ್ ಅನ್ನುವ ಜರ್ಮನ್ ಜೆಸ್ಯೂಟ್ ಪಾದ್ರಿ 1880ರಲ್ಲಿ ಹೋಮಿಯೋಪಥಿ ಔಷಧ ಕೊಡುವುದರಿಂದ ಶುರು ಮಾಡಿದ್ದು. ಆಮೇಲೆ ಕುಷ್ಠರೋಗಿಗಳಿಗೂ ಆಶ್ರಯ ಕಟ್ಟಿದರು. ನಮ್ಮ ಅಜ್ಜಿಗೆ ಮುಲ್ಲರ್ ಅಂದರೆ ಆಸ್ಪತ್ರೆ, ಅಷ್ಟೇ. 'ಮುಲ್ಲರಿಗೆ ಕರ್ಕೊಂಡು ಹೋಗಿ' ಅಂತಿದ್ದರು. ಅದು ಗಿರಣಿಯವನ ಹೆಸರು ಅಂತ ಈ ಚರ್ಚೆಯಲ್ಲೇ ಓದಿದ್ದು.

ಹಾಗೇ ಕನ್ನಡ ಕಲಿಯುವವರಿಗೆ ಪುಸ್ತಕ ಬರೆದ ಬಾಸೆಲ್ ಮಿಷನ್ನಿನ ಜೀಗ್ಲರ್ ಅಂತ ಒಬ್ಬರಿದ್ದರಲ್ಲ, ಆ ಹೆಸರಿಗೂ ಕಸುಬಿದೆಯಾ?

ಮೈನ್ಜ್_ಮಂಜು:
ಇದೆ ಅಕ್ಕಾ, ಮಂಗಳೂರಿನವರಿಗೆ ಇಷ್ಟವಾಗುವಂಥದ್ದು. ಜೀಗ್ಲರ್ ಅಂದ್ರೆ ಇಟ್ಟಿಗೆ, ಹೆಂಚು ಸುಡುವವನು. ಆದರೆ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆ ಪ್ಲೆಬ್ಸ್ಟ್ ಅನ್ನುವವರ ಕೆಲಸ. ಹೆಂಚಿನ ಹೆಸರಿನವರು ವ್ಯಾಕರಣ ಹಿಡಿದುಕೊಂಡು ಕೂತರು.

ಮೈಸೂರು_ಮಾಷ್ಟ್ರು:
ಮ್ಯಾಕ್ಸ್ ಮುಲ್ಲರ್ ಇಲ್ಲದೆ ಈ ಚರ್ಚೆ ಮುಗಿಯಬಾರದು. ಮೇಲೆ ಹೇಳಿದ ದರ್ಜಿಯ ಮಗ ವಿಲ್‌ಹೆಲ್ಮ್ ಮುಲ್ಲರ್ ಇದ್ದಾನಲ್ಲ, ಅವನ ಮಗನೇ ಋಗ್ವೇದ ಅಚ್ಚು ಹಾಕಿಸಿದ ಮ್ಯಾಕ್ಸ್ ಮುಲ್ಲರ್. ಹುಟ್ಟಿದ್ದು 1823, ಡೆಸ್ಸೌನಲ್ಲೇ. ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ನೆಲೆ. ಮ್ಯಾಕ್ಸ್ ಅನ್ನುವುದು ಅವರ ಅಡ್ಡಹೆಸರಲ್ಲ, ಇಟ್ಟ ಹೆಸರಿನ ಭಾಗ. ಬರೀ ಮುಲ್ಲರ್ ಅಂದರೆ ಊರಿಗೆಲ್ಲ ಇರುವ ಹೆಸರು, ಜನರ ನೆನಪಲ್ಲಿ ಉಳಿಯುವುದಿಲ್ಲ ಅಂತ ಮ್ಯಾಕ್ಸ್ ಅನ್ನೂ ಅಡ್ಡಹೆಸರಿಗೇ ಅಂಟಿಸಿಕೊಂಡರು. ಬೆಂಗಳೂರಿನವರು ಜರ್ಮನ್ ಕಲಿಯಲು ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹೋಗುವುದು, ಬರೀ ಮುಲ್ಲರ್ ಭವನಕ್ಕಲ್ಲ!

ಋಗ್ವೇದದ ಮುಖಪುಟದಲ್ಲಿ ಸಂಸ್ಕೃತದಲ್ಲಿ ತಮ್ಮನ್ನು ಮೋಕ್ಷಮೂಲರಭಟ್ಟ ಅಂತ ಬರೆದುಕೊಂಡಿದ್ದಾರೆ. ಶಾರ್ಮಣ್ಯ ದೇಶದಲ್ಲಿ ಹುಟ್ಟಿದವನು, ಗೋತೀರ್ಥದಲ್ಲಿ ವಾಸಿಸುವವನು ಅಂತ ವಿವರ ಬೇರೆ. ಗೋತೀರ್ಥ ಅಂದರೆ ಆಕ್ಸ್‌ಫರ್ಡ್. ಗಿರಣಿಯ ಹಿಟ್ಟೆಲ್ಲ ಕೊಡವಿಕೊಂಡು ಭಟ್ಟರಾಗಿ ನಿಂತರು ನೋಡಿ.

ಹಳೇಕಡತ:
ಮಾಷ್ಟ್ರೇ, ಈ ಕಷ್ಟ ಅವರೊಬ್ಬರದೇ ಅಲ್ಲ. ಚಾನ್ಸಲರ್ ಹರ್ಮನ್ ಮುಲ್ಲರ್‌ರನ್ನು ಬೇರೆ ಮುಲ್ಲರ್‌ಗಳಿಂದ ಗುರುತಿಸಲು ಅವರ ಕ್ಷೇತ್ರದ ಹೆಸರು ಸೇರಿಸಿ ಮುಲ್ಲರ್-ಫ್ರಾಂಕನ್ ಅನ್ನುತ್ತಿದ್ದರು. ಇನ್ನೊಬ್ಬ ಹರ್ಮನ್ ಮುಲ್ಲರ್, ಸ್ವಿಸ್ ಸಸ್ಯವಿಜ್ಞಾನಿ, ತನ್ನ ಸೀಮೆಯ ಹೆಸರು ಸೇರಿಸಿ ಮುಲ್ಲರ್-ತುರ್ಗೌ ಆದ. 1882ರಲ್ಲಿ ಅವನು ಬೆಳೆಸಿದ ದ್ರಾಕ್ಷಿ ತಳಿಗೂ ಅದೇ ಹೆಸರು. ಜರ್ಮನಿಯಲ್ಲಿ ವೈನ್ ಅಂಗಡಿಗೆ ಹೋದವರು ಬಾಟಲಿ ಮೇಲೆ ನೋಡಿರುತ್ತೀರಿ. ಡಿಡಿಟಿ ಕೀಟ ಕೊಲ್ಲುತ್ತದೆ ಅಂತ ಕಂಡುಹಿಡಿದು 1948ರಲ್ಲಿ ನೊಬೆಲ್ ಪಡೆದ ಪೌಲ್ ಮುಲ್ಲರ್, ಸೂಪರ್‌ಕಂಡಕ್ಟರ್ ಕೆಲಸಕ್ಕೆ 1987ರಲ್ಲಿ ಪಡೆದ ಅಲೆಕ್ಸ್ ಮುಲ್ಲರ್, ಸಾಹಿತ್ಯಕ್ಕೆ 2009ರಲ್ಲಿ ಪಡೆದ ಹೆರ್ಟಾ ಮುಲ್ಲರ್. ಮೊದಲ ಹೆಸರು ಹೇಳದಿದ್ದರೆ ಯಾರು ಅಂತಲೇ ತಿಳಿಯುವುದಿಲ್ಲ.

ಚಿಕಾಗೋ_ಚನ್ನಿ:
ಅಮೆರಿಕದಲ್ಲಿ ಮುಲ್ಲರ್‌ಗಿಂತ ಮಿಲ್ಲರ್ ಜಾಸ್ತಿ. ನ್ಯೂಯಾರ್ಕಿನ ವಲಸೆ ತಪಾಸಣಾ ಕೇಂದ್ರವಾಗಿದ್ದ ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿದವರ ಹೆಸರನ್ನು ಅಧಿಕಾರಿಗಳು ಬಾಯಿಗೆ ಬಂದ ಹಾಗೆ ಬದಲಿಸಿಬಿಟ್ಟರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ.

ಹಳೇಕಡತ:
ಎಲ್ಲರೂ ಹೇಳುತ್ತಾರೆ, ಆದರೆ ಹಾಗಲ್ಲ. ಎಲ್ಲಿಸ್ ದ್ವೀಪದ ಗುಮಾಸ್ತರು ಹೆಸರು ಬರೆದುಕೊಳ್ಳುತ್ತಿರಲಿಲ್ಲ. ಯೂರೋಪಿನ ಬಂದರಿನಲ್ಲೇ ಹಡಗಿನವರು ಬರೆದುಕೊಟ್ಟ ಪಟ್ಟಿ ಕೈಯಲ್ಲಿರುತ್ತಿತ್ತು, ಅದಕ್ಕೆ ತಾಳೆ ನೋಡುತ್ತಿದ್ದರು. ಮೇಲಾಗಿ ಆ ಕೇಂದ್ರ ತೆರೆದದ್ದೇ 1892ರಲ್ಲಿ. ಅದಕ್ಕೂ ಬಹಳ ಮುಂಚೆ, 18ನೇ ಶತಮಾನದಲ್ಲೇ ಪೆನ್ಸಿಲ್ವೇನಿಯಾಕ್ಕೆ ಬಂದ ಜರ್ಮನ್ನರು ನೆರೆಹೊರೆಯವರ ಬಾಯಿಗೆ ಒಗ್ಗಲಿ ಅಂತ ತಾವೇ ಮಿಲ್ಲರ್ ಆದರು. ಇಂಗ್ಲಿಷ್ ಮಿಲ್ಲರ್‌ಗಳೂ ಅಲ್ಲಿ ಇದ್ದೇ ಇದ್ದರು. ಎರಡೂ ಸೇರಿ 2010ರ ಜನಗಣತಿಯಲ್ಲಿ ಅಮೆರಿಕದ ಏಳನೇ ದೊಡ್ಡ ಅಡ್ಡಹೆಸರು.

ಸಾಫ್ಟ್‌ವೇರ್_ಸಿದ್ದ:
ಇಷ್ಟೆಲ್ಲ ಗೊಂದಲ ಇರುವಾಗ ಹೆಸರೇ ಬದಲಿಸಿಕೊಳ್ಳಬಹುದಲ್ಲ? ಜರ್ಮನಿಯಲ್ಲಿ ಹೆಸರು ಬದಲಿಸುವುದು ತುಂಬ ಕಷ್ಟ ಅಂತ ಕೇಳಿದ್ದೇನೆ.

ಬರ್ಲಿನ್_ಬೋರಮ್ಮ:
ಕಷ್ಟ, ನಿಜ. ನಮ್ಮಲ್ಲಿ ಪೇಪರಿನಲ್ಲಿ ಜಾಹೀರಾತು ಕೊಟ್ಟು ಅಫಿಡವಿಟ್ ಮಾಡಿಸಿದಷ್ಟು ಸಲೀಸಲ್ಲ, ಗಟ್ಟಿ ಕಾರಣ ತೋರಿಸಬೇಕು. ಆದರೆ ಮುಲ್ಲರ್‌ಗಳಿಗೆ ಒಂದು ದಾರಿ ಇದೆ. ಅಧಿಕಾರಿಗಳಿಗೆ ಇರುವ ಸರ್ಕಾರಿ ಮಾರ್ಗಸೂಚಿಯಲ್ಲೇ, ದೇಶದ ತುಂಬ ಇರುವ ಹೆಸರಿನಿಂದ ಜನರನ್ನು ಗುರುತಿಸುವುದು ಕಷ್ಟವಾದರೆ ಅದು ಬದಲಾವಣೆಗೆ ಕಾರಣವಾಗಬಹುದು ಅಂತ ಇದೆ. ಉದಾಹರಣೆಗೆ ಕೊಟ್ಟಿರುವ ಹೆಸರುಗಳಲ್ಲಿ ಮುಲ್ಲರ್ ಕೂಡ ಒಂದು, ಮೈಯರ್, ಶ್ಮಿಟ್ ಜೊತೆಗೆ. ಜೊತೆಗೆ 2025ರ ಮೇ 1ರಿಂದ ಹೊಸ ಕಾನೂನು ಬಂದಿದೆ, ಮದುವೆಯಾದ ಇಬ್ಬರೂ ಎರಡೂ ಮನೆಯ ಹೆಸರು ಸೇರಿಸಿ ಜೋಡಿ ಹೆಸರು ಇಟ್ಟುಕೊಳ್ಳಬಹುದು. ಮುಂಚೆ ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಆಗುತ್ತಿತ್ತು.

ಸ್ಟುಟ್‌ಗಾರ್ಟ್_ಶ್ರೀ:
ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಕೊನೆಯದಾಗಿ ಒಂದು. ಆಫೀಸಿನ ಮುಲ್ಲರ್ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವ ಪ್ಲಾನ್ ಇದೆ, ಟಿಕೆಟ್ ನಾನೇ ಬುಕ್ ಮಾಡಬೇಕು. ಆ ವೆಬ್‌ಸೈಟಿನಲ್ಲಿ ಎರಡು ಚುಕ್ಕಿಯ ಅಕ್ಷರ ಹಾಕಲು ಬಿಡುವುದಿಲ್ಲ. ಚುಕ್ಕಿ ಬಿಟ್ಟು ಬರೀ 'ಯು' ಹಾಕಿದರೆ ನಡೆಯುತ್ತದಾ?

ಮೈನ್ಜ್_ಮಂಜು:
ಬೇಡ. ಅವರ ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ, ಮಷಿನ್ ಓದುವ ಎರಡು ಸಾಲಿದೆಯಲ್ಲ, ಅದನ್ನು ನೋಡಿ. ಅಲ್ಲಿ ಆ ಅಕ್ಷರಕ್ಕೆ ಬದಲಾಗಿ 'ಯು' ಆದ ಮೇಲೆ 'ಇ' ಅಂತ ಎರಡು ಅಕ್ಷರ ಇರುತ್ತದೆ. ಟಿಕೆಟ್ ಮೇಲೂ ವೀಸಾ ಫಾರ್ಮ್ ಮೇಲೂ ಅದನ್ನೇ ಹಾಗೇ ಇಳಿಸಿ.